ನಟ್ಟು ಮುಳುಗಿದರೆ ಫೋನ್ ಮಾಡಿ

ಫ್ರಿಜ್ ರಿಪೇರಿ ಮಾಡುವ ಆ ಮನುಷ್ಯನನ್ನು ಬೀದಿಯವರೆಲ್ಲ ತಣ್ಣಣ್ಣ ಎಂದು ಕರೆಯುತ್ತಿದ್ದರು. ಹೆಸರಿಗೆ ಅರ್ಧ ಕಾರಣ ಕಸುಬು, ಇನ್ನರ್ಧ ಸ್ವಭಾವ. ಗಿರಾಕಿಯೊಬ್ಬ ಬಾಗಿಲಲ್ಲೇ ನಿಂತು, "ನೀನು ಕೈ ಹಾಕಿದ ಮೇಲೇ ಕಣಯ್ಯಾ ಇದು ಕೆಟ್ಟಿದ್ದು!" ಎಂದು ಕಿರುಚಿದರೆ ಅವನು ಚೀಲ ಕೆಳಗಿಟ್ಟು, "ಎಷ್ಟು ಗಂಟೆಗೆ ಕೆಟ್ಟಿತು ಸಾರ್?" ಎಂದು ಕೇಳುತ್ತಿದ್ದ. ಸಿಟ್ಟಿಗೆ ಗಂಟೆ ಗೊತ್ತಿರುವುದಿಲ್ಲ. ಗಿರಾಕಿ ನೆನಪು ಮಾಡಿಕೊಳ್ಳುತ್ತ ತಾನೂ ತಣ್ಣಗಾಗುತ್ತಿದ್ದ.

ಅವನಿಗೆ ಸಹಿಸಲಾಗದ್ದು ಅಂದಾಜು ಮಾತು. ಯಾರಾದರೂ ತಪ್ಪು ಅಳತೆ ಹೇಳಿದರೆ ತಿದ್ದದೆ ಇರಲು ಅವನಿಂದ ಸಾಧ್ಯವಿರಲಿಲ್ಲ. ನಡುವೆ ಬಾಯಿ ಹಾಕುವುದು ಚೆನ್ನಲ್ಲ ಎಂದು ಗೊತ್ತಿದ್ದರೂ ನಾಲಿಗೆ ತಾನಾಗಿ ತಿದ್ದಿಬಿಡುತ್ತಿತ್ತು. ಕಂಪ್ರೆಸರಿನ ಮುಂದೆ ಇದು ಒಳ್ಳೆಯ ಗುಣ. ಜ್ವರದ ವರ್ಷದಲ್ಲಿ ಇದೇ ಅವನಿಗೆ ಮುಳುವಾಯಿತು.

ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವನೂ ಅವನ ಅಕ್ಕನೂ ಇದ್ದರು. ತಾಯಿ ಹೋದಾಗ ಅವನಿಗೆ ಒಂಬತ್ತು ವರ್ಷ, ಅಕ್ಕನಿಗೆ ಹದಿನೆಂಟು. ಅವನ ತಲೆ ಬಾಚಿ ಶಾಲೆಗೆ ಅಟ್ಟಿ, ಆಮೇಲೆ ಅಂಗಿ ಫ್ಯಾಕ್ಟರಿಗೆ ಓಡಿದವಳು ಅವಳು. ಅಲ್ಲಿ ಮೂವತ್ತೊಂದು ವರ್ಷ ತಪಾಸಣೆಯ ಮೇಜಿನ ಮುಂದೆ ನಿಂತು, ಹೊಲಿದು ಬಂದ ಅಂಗಿಗಳ ಕಾಲರು, ಗುಂಡಿ, ಹೊಲಿಗೆ ನೋಡಿ, ಕೆಟ್ಟದ್ದನ್ನು ಎಡಗಡೆಯ ಬುಟ್ಟಿಗೆ ಎಸೆದಳು. ನೂಲಿನ ಧೂಳು ಎದೆಯಲ್ಲಿ ಕೂತು ಉಬ್ಬಸ ತಂದಿತ್ತು. ಜ್ವರ ಹರಡತೊಡಗಿದಾಗ ಡಾಕ್ಟರು ತಣ್ಣಣ್ಣನನ್ನು ಪಕ್ಕಕ್ಕೆ ಕರೆದು, "ಇದು ಇವರ ಎದೆಗಿಳಿದ್ರೆ ನಮ್ಮ ಕೈಲಿ ಹೆಚ್ಚೇನೂ ಉಳಿಯಲ್ಲ. ಲಸಿಕೆ ಬಂದ ವಾರವೇ ಹಾಕಿಸಿಬಿಡಿ" ಎಂದಿದ್ದರು. ಅಕ್ಕ ಅದಕ್ಕೆಂದೇ ತೋಳು ಸಡಿಲವಿದ್ದ ಅಂಗಿಯೊಂದನ್ನು ಇಸ್ತ್ರಿ ಮಾಡಿ ಇಟ್ಟುಕೊಂಡಿದ್ದಳು. ಅದು ಫೋಟೋ ಬರುವ ಮೊದಲಿನ ಮಾತು.

ಫೋಟೋದ ಕಥೆ ಹೇಳುವ ಮೊದಲು ನಟ್ಟಿನ ಕಥೆ ಹೇಳಬೇಕು.

ರಿಪೇರಿ ಮುಗಿದ ಮೇಲೆ ತಣ್ಣಣ್ಣ ಒಂದು ಗಾಜಿನ ಲೋಟದಲ್ಲಿ ನೀರು ತುಂಬಿ ಫ್ರೀಜರಿನಲ್ಲಿಡುತ್ತಿದ್ದ. ಮಾರನೆಯ ದಿನ ಬಂದು, ಗಟ್ಟಿಯಾದ ಐಸಿನ ಮೇಲೆ ಒಂದು ಕಬ್ಬಿಣದ ನಟ್ಟು ಇಡುತ್ತಿದ್ದ. ಬೋಲ್ಟಿಗೆ ತಿರುಗಿಸುವ, ಆರು ಮೂಲೆಯ, ಸಾದಾ ನಟ್ಟು. ಮನೆಯವರು ಊರಲ್ಲಿಲ್ಲದಾಗ ಕರೆಂಟು ಹೋಗಿ ಐಸು ಕರಗಿದರೆ ನಟ್ಟು ಲೋಟದ ತಳಕ್ಕೆ ಇಳಿಯುತ್ತದೆ. ಆಮೇಲೆ ಕರೆಂಟು ಬಂದು ನೀರು ಮತ್ತೆ ಗಟ್ಟಿಯಾದರೂ ನಟ್ಟು ಮೇಲೆ ಬರುವುದಿಲ್ಲ. "ಥರ್ಮಾಮೀಟರ್ ಈಗಿನ ಸುದ್ದಿ ಹೇಳುತ್ತೆ. ನೀವಿಲ್ದಾಗ ಏನಾಯ್ತು ಅಂತ ಹೇಳೋದು ನಟ್ಟು" ಎಂದು ಗಿರಾಕಿಗಳಿಗೆ ವಿವರಿಸುತ್ತಿದ್ದ. ಮರೆಯುವವರಿಗಾಗಿ ಲೋಟದ ಮೇಲೆ ಒಂದು ಚೀಟಿ ಅಂಟಿಸುತ್ತಿದ್ದ: "ನಟ್ಟು ಮುಳುಗಿದರೆ ಫೋನ್ ಮಾಡಿ." ಕೆಳಗೆ ಅವನ ನಂಬರು. ಇಪ್ಪತ್ತನಾಲ್ಕು ವರ್ಷಗಳಲ್ಲಿ ಹಾಗೆ ಬಂದ ಫೋನು ಮೂರು.

ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಇಡುವ ದೊಡ್ಡ ಫ್ರಿಜ್ಜು ಸರಿಯಾದ ಸಮಯ ನೋಡಿ ಸುಟ್ಟುಹೋಯಿತು. ಹೊಸ ಭಾಗ ಬರಲು ಮೂರು ವಾರ. ಉಗ್ರಾಣದಲ್ಲಿ ಬಿದ್ದಿದ್ದ, ಯಾರೋ ದಾನ ಕೊಟ್ಟಿದ್ದ ಎರಡು ಬಾಗಿಲಿನ ಹಳೆಯ ಮನೆ ಫ್ರಿಜ್ಜನ್ನು ತಣ್ಣಣ್ಣ ಎರಡು ದಿನ ಕೂತು ಎಬ್ಬಿಸಿದ. ಮೇಲಿನ ಫ್ರೀಜರಿನಲ್ಲಿ ಎಂದಿನಂತೆ ಲೋಟ, ನಟ್ಟು, ಚೀಟಿ. ಕೆಳಗೆ ಲಸಿಕೆಯ ಪೆಟ್ಟಿಗೆಗಳು. ಕೇಂದ್ರದ ನರ್ಸಮ್ಮ ಸಂತೋಷ ತಡೆಯಲಾರದೆ ಎರಡೂ ಬಾಗಿಲು ತೆರೆದು ಒಂದು ಫೋಟೋ ತೆಗೆದು, "ನಮ್ಮ ಮುದುಕಿ ಎದ್ದು ಕೂತಳು!" ಎಂದು ಬರೆದು ತನ್ನ ಜೊತೆಯ ನರ್ಸುಗಳ ಗುಂಪಿಗೆ ಕಳಿಸಿದಳು. ಆ ಗುಂಪಿನಲ್ಲಿ ಇದ್ದದ್ದು ಹನ್ನೊಂದು ಜನ. ಹನ್ನೆರಡನೆಯವರಿಗೆ ಅದು ಹೇಗೆ ತಲುಪಿತೋ ಇಂದಿಗೂ ಗೊತ್ತಿಲ್ಲ.

ಸಂಜೆಯ ಹೊತ್ತಿಗೆ ಮುದುಕಿಯ ಮಾತು ಉದುರಿಹೋಗಿ, ನಟ್ಟಿನ ಕಡೆಗೆ ಒಂದು ಕೆಂಪು ಬಾಣ ಬಂದಿತ್ತು. "ಲಸಿಕೆಯ ಜೊತೆ ಕಬ್ಬಿಣ. ಒಳಗಿನವರೇ ತೆಗೆದ ಫೋಟೋ. ಅಳಿಸುವ ಮೊದಲು ಎಲ್ಲರಿಗೂ ಕಳಿಸಿ." ಕಷ್ಟವೆಂದರೆ ಫೋಟೋದಲ್ಲಿ ಒಂದೂ ಸುಳ್ಳಿರಲಿಲ್ಲ. ನಟ್ಟು ನಿಜ, ಲಸಿಕೆ ನಿಜ, ಕೈಬರಹದ ಚೀಟಿ ನಿಜ. ಫೋನ್ ನಂಬರಂತೂ ಹತ್ತು ಅಂಕಿ ಸ್ಪಷ್ಟವಾಗಿ, ತಣ್ಣಣ್ಣನ ಎಂದಿನ ಅಚ್ಚುಕಟ್ಟಿನಲ್ಲಿ.

ಮೊದಲ ಫೋನು ಮಾರನೆಯ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಬಂತು.

"ಹಲೋ, ನಟ್ಟಿನವರಾ?"

"ಫ್ರಿಜ್ಜಿನವನು. ಹೇಳಿ."

"ನಾನು ಸೋಮವಾರ ಚುಚ್ಚಿಸ್ಕೊಂಡೆ ಸಾರ್. ಇವತ್ತಿಗೆ ನಾಲ್ಕು ದಿನ. ಈಗ ಅದು ಎಲ್ಲೀವರೆಗೆ ಇಳಿದಿರುತ್ತೆ?"

"ಯಾವುದು?"

"ಅದೇ ಸಾರ್, ಆರು ಎಂಎಂ ನಟ್ಟು."

"ಆರಲ್ಲ. ಎಂಟು ಎಂಎಂ," ಎಂದ ತಣ್ಣಣ್ಣ.

ಆ ಕಡೆಯಿಂದ "ದೇವರೇ, ಎಂಟಾ!" ಎಂಬ ಸಣ್ಣ ದನಿ ಕೇಳಿ, ಫೋನು ಕಟ್ಟಾಯಿತು.

ಮಧ್ಯಾಹ್ನದ ಹೊತ್ತಿಗೆ ಬಾಣದ ಫೋಟೋ ಕೆಳಗೆ ಹೊಸ ಸಾಲು ಸೇರಿತ್ತು: "ನಟ್ಟು 8 ಎಂಎಂ ಎಂದು ಮೆಕ್ಯಾನಿಕ್ ಸ್ವತಃ ಒಪ್ಪಿಕೊಂಡಿದ್ದಾರೆ." ಫೋನ್ ಮಾಡಿದ ಇನ್ನೊಬ್ಬನಿಗೆ ತಣ್ಣಣ್ಣ ಸಮಾಧಾನವಾಗಿ ತಿಳಿಸಿ ಹೇಳಲು ನೋಡಿದ. "ಎಂಟು ಎಂಎಂ ಅಂದ್ರೆ ಒಳಗಿನ ತೂತಿನ ಅಳತೆ ಸಾರ್. ಹೊರಗಡೆ ಅಗಲ ಹದಿಮೂರು ಇರುತ್ತೆ. ಸೂಜಿ ತೂತು ಅರ್ಧ ಎಂಎಂ ಕೂಡ ಇಲ್ಲ. ಹದಿಮೂರು ಎಂಎಂ ಸಾಮಾನು ಅದರಲ್ಲಿ ಹೇಗೆ ಹೋಗುತ್ತೆ, ನೀವೇ ಹೇಳಿ?"

"ಅದನ್ನೇ ಸಾರ್ ನಾವೂ ಕೇಳ್ತಿರೋದು," ಎಂದ ಅವನು. "ಹೇಗೆ ಹೋಗುತ್ತೆ?"

ರಾತ್ರಿಗೆ ಮೂರನೆಯ ಸುದ್ದಿ. ಗುರುವಾರ ಆರು, ಶುಕ್ರವಾರ ಬೆಳಿಗ್ಗೆ ಎಂಟು, ಸಂಜೆಗೆ ಹದಿಮೂರು. ಅಂದರೆ ನಟ್ಟು ದೇಹದೊಳಗೆ ಹೋದ ಮೇಲೆ ಬೆಳೆಯುತ್ತದೆ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲ ಕಾಲದಲ್ಲೂ ಇದ್ದಾರೆ. ಈಗ ಎಷ್ಟು ಹೊತ್ತಿಗೆ ಈಯಿತು, ಕರು ಎಷ್ಟು ತೂಕ ಎಂದು ಹೇಳಿದರೆ ಇನ್ನೂ ಬೇಗ ಕಟ್ಟುತ್ತಾರೆ. ತಣ್ಣಣ್ಣ ತಿಳಿಯದೆ ಮಾಡಿದ್ದು ಅದನ್ನೇ. ಜನರಿಗೆ ಭಯವಿತ್ತು. ಭಯಕ್ಕೆ ಕಣ್ಣಿಗೆ ಕಾಣುವ ಆಕಾರ ಬೇಕಿತ್ತು. ಜ್ವರದ ಹುಳು ಕಾಣುವುದಿಲ್ಲ, ನಟ್ಟು ಕಾಣುತ್ತದೆ. ಅವನು ಅದಕ್ಕೆ ಅಳತೆಯನ್ನೂ ಒದಗಿಸಿದ.

ಬೀದಿಯ ತುದಿಯ ಕಬ್ಬಿಣದ ಸಾಮಾನಿನ ಅಂಗಡಿಯಾತ ಮೂರನೆಯ ದಿನ ಅವನನ್ನು ತಡೆದು ನಿಲ್ಲಿಸಿದ.

"ತಣ್ಣಣ್ಣ, ಎಂಟರ ನಟ್ಟು ಖಾಲಿ. ಡಬ್ಬಗಟ್ಟಲೆ ಹೋಯ್ತು."

"ಯಾರಿಗೆ ಬೇಕಾಯ್ತು ಅಷ್ಟು?"

"ದಾರಕ್ಕೆ ಪೋಣಿಸಿ ಕತ್ತಿಗೆ ಹಾಕ್ಕೋತಾರೆ. ಹೊರಗೊಂದಿದ್ರೆ ಒಳಗಿನದು ಬೆಳೆಯಲ್ವಂತೆ. ಒಂದಕ್ಕೊಂದು ಆಗಿಬರಲ್ವಂತೆ." ಅವನು ದನಿ ತಗ್ಗಿಸಿದ. "ಹತ್ತರ ನಟ್ಟು ಬಹಳ ಉಳಿದಿದೆ. ಅದರ ಬಗ್ಗೇನೂ ಒಂದು ಮಾತು ಹೇಳ್ತೀಯಾ?"

ತಣ್ಣಣ್ಣ ಹೇಳಲಿಲ್ಲ. ಅವನ ತಲೆಯಲ್ಲಿದ್ದದ್ದು ಅಕ್ಕ.

ಅಕ್ಕನಿಗೆ ಫೋಟೋ ತಲುಪಿಸಿದವರು ಚಿಕ್ಕಪ್ಪ. ತಂದೆಯ ಕೊನೆಯ ತಮ್ಮ, ಅಕ್ಕನಿಗಿಂತ ಎಂಟೇ ವರ್ಷ ದೊಡ್ಡವರು. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾಗಿದ್ದರು. ಕೆಲಸದಲ್ಲಿದ್ದಷ್ಟು ಕಾಲ ಎದುರು ಕೂತವರನ್ನೆಲ್ಲ ಅನುಮಾನಿಸುವುದಕ್ಕೇ ಸಂಬಳ ಪಡೆದವರಿಗೆ ಈಗ ರೈಲೂ ಇಲ್ಲ, ಪ್ರಯಾಣಿಕರೂ ಇಲ್ಲ, ಅನುಮಾನ ಮಾತ್ರ ಉಳಿದಿತ್ತು. ಮನೆಯವರ ಗುಂಪಿಗೆ ದಿನಕ್ಕೆ ಮೂವತ್ತು ನಲವತ್ತು ಸಂದೇಶ ಕಳಿಸುತ್ತಿದ್ದರು. ಬೆಳಿಗ್ಗೆ ಬಿಸಿನೀರು ಕುಡಿಯಿರಿ ಎಂದೂ, ಮಧ್ಯಾಹ್ನ ಬಿಸಿನೀರು ಕುಡಿಯಬೇಡಿ ಎಂದೂ.

"ಅಕ್ಕಾ, ಅದು ನನ್ನ ನಟ್ಟು," ಎಂದ ತಣ್ಣಣ್ಣ. "ನಾನೇ ಇಟ್ಟಿದ್ದು."

ಅಕ್ಕ ಕನ್ನಡಕ ಏರಿಸಿ ಫೋಟೋ ನೋಡಿದಳು. "ಆ ತರದ ನಟ್ಟು ಲೋಕದಲ್ಲಿ ನಿನ್ನ ಹತ್ರ ಮಾತ್ರ ಇದೆಯೇನೋ?"

"ಚೀಟಿ ನೋಡು, ನನ್ನ ಕೈಬರಹ."

"ಇದ್ದಿರಬಹುದು."

"ನಂಬರ್ ನೋಡು! ನನ್ನ ನಂಬರ್!"

ಅಕ್ಕ ಅಂಕಿಗಳನ್ನು ಒಂದೊಂದಾಗಿ ಓದಿದಳು. ಮುಖ ಕಪ್ಪಿಟ್ಟಿತು. "ಅಯ್ಯೋ ಪುಟ್ಟಾ, ನಿನ್ನ ನಂಬರ್ ಕದ್ದುಬಿಟ್ಟಿದ್ದಾರಲ್ಲೋ!"

"ಯಾರೂ ಕದ್ದಿಲ್ಲ ಅಕ್ಕ—"

"ನಿನಗೇನು ಗೊತ್ತಾಗುತ್ತೆ. ಹಸುವಿನಂಥ ಮನುಷ್ಯ ನೀನು. ಇಂಥವರ ನಂಬರೇ ಬೇಕು ಅವರಿಗೆ."

ಅವನು ನಟ್ಟಿನ ಡಬ್ಬ ತಂದು ಮೇಜಿನ ಮೇಲೆ ಸುರಿದ. ಲೋಟದಲ್ಲಿ ನೀರು ತುಂಬಿ, ಐಸು ಮಾಡಿ, ನಟ್ಟು ಇಟ್ಟು, ಕರಗಿಸಿ ತೋರಿಸಿದ. ಅಕ್ಕ ಕೊನೆಯವರೆಗೂ ನೋಡಿ, "ಇದು ಮುಳುಗುತ್ತೆ, ಸರಿ. ಮುಳುಗಲ್ಲ ಅಂತ ಯಾರು ಹೇಳಿದ್ರು?" ಎಂದು ಎದ್ದು ಒಳಗೆ ಹೋದಳು. ಇಸ್ತ್ರಿ ಮಾಡಿಟ್ಟಿದ್ದ ಅಂಗಿಯನ್ನು ಮಡಿಸಿ ಕಪಾಟಿನ ಮೇಲಿನ ಖಾನೆಗೆ ಸೇರಿಸಿದಳು.

ಆ ವಾರವೇ ಎದುರು ಮನೆಯ ಮೇಷ್ಟ್ರನ್ನು ಆಂಬುಲೆನ್ಸಿನಲ್ಲಿ ಕರೆದೊಯ್ದರು. ಅವರ ಚಪ್ಪಲಿ ಬಾಗಿಲ ಮುಂದೆ ಹಾಗೆಯೇ ಇತ್ತು. ಅಕ್ಕ ಕಿಟಕಿಯಿಂದ ಅದನ್ನು ನೋಡುತ್ತಿದ್ದಳು, ಮೆಟ್ಟಿಲು ಹತ್ತಿ ಬಂದಾಗ ಅವಳ ಎದೆಯಿಂದ ಸಣ್ಣ ಸೀಟಿಯಂಥ ಸದ್ದು ಬರುತ್ತಿತ್ತು. ತಣ್ಣಣ್ಣ ಆ ಸದ್ದು ಎಣಿಸುತ್ತಿದ್ದ. ನಿಮಿಷಕ್ಕೆ ಇಪ್ಪತ್ತೆರಡು ಉಸಿರು. ಕಳೆದ ತಿಂಗಳು ಹದಿನೆಂಟಿತ್ತು.

ಅವನು ಮತ್ತೊಮ್ಮೆ ಪ್ರಯತ್ನಿಸಿದ. ಮನೆಯವರ ಗುಂಪಿಗೆ ಹನ್ನೊಂದು ನಿಮಿಷದ ಧ್ವನಿ ಸಂದೇಶ ಕಳಿಸಿದ. ನೀರು ಯಾವ ಉಷ್ಣತೆಯಲ್ಲಿ ಗಟ್ಟಿಯಾಗುತ್ತದೆ ಎಂಬಲ್ಲಿಂದ ಆರಂಭಿಸಿ, ಕಂಪ್ರೆಸರಿನ ಬಗ್ಗೆ ನಾಲ್ಕು ನಿಮಿಷ ಹೇಳಿ, ಒಂಬತ್ತನೆಯ ನಿಮಿಷದಲ್ಲಿ ಲಸಿಕೆಗೆ ಬಂದಿದ್ದ. ಕೇಳಿದವರು ಯಾರೂ ಮೂರನೆಯ ನಿಮಿಷ ದಾಟಲಿಲ್ಲ. ದಾಟಿದವರು ಚಿಕ್ಕಪ್ಪ ಒಬ್ಬರೇ. ಅವರು ನಡುವಿನ ಏಳು ಸೆಕೆಂಡು ಕತ್ತರಿಸಿ ಹಂಚಿದರು: "ನಟ್ಟು ನನ್ನದೇ. ಲಸಿಕೆ ಇರುವ ಫ್ರಿಜ್ಜಿನಲ್ಲಿ ನಾನೇ ಇಟ್ಟೆ. ಬೇಕಂತಲೇ ಇಟ್ಟೆ."

"ಚಿಕ್ಕಪ್ಪ, ಹೀಗೆ ಕತ್ತರಿಸೋದು ಸರಿಯಾ?" ಎಂದು ಫೋನಿನಲ್ಲಿ ಕೇಳಿದ.

"ನಿನ್ನ ಒಳ್ಳೇದಕ್ಕೇ ಕಣಪ್ಪಾ. ಹನ್ನೊಂದು ನಿಮಿಷ ಯಾರಿಗಿದೆ ಪುರುಸೊತ್ತು? ಮುಖ್ಯವಾದದ್ದು ಉಳಿಸಿದ್ದೀನಿ."

ಒಂಬತ್ತು ದಿನಗಳಲ್ಲಿ ಇನ್ನೂರ ಹನ್ನೆರಡು ಫೋನು ಬಂದವು. ಕೆಲಸದ ಪುಸ್ತಕದ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು ಅವನು ವಿಂಗಡಿಸಿದ್ದ. ನಟ್ಟು ಎಲ್ಲಿವರೆಗೆ ಇಳಿದಿದೆ ಎಂದು ಕೇಳಿದವರು ತೊಂಬತ್ತೇಳು. ನಟ್ಟು ಎಲ್ಲಿ ಸಿಗುತ್ತದೆ ಎಂದು ಕೇಳಿದವರು ನಲವತ್ತೊಂದು. ಬೈದವರು ಮೂವತ್ತೆಂಟು. ಏನೂ ಮಾತಾಡದೆ ಉಸಿರಾಡಿ ಫೋನು ಇಟ್ಟವರು ಹದಿನಾರು. ನಿಜವಾಗಿಯೂ ಫ್ರಿಜ್ಜು ಕೆಟ್ಟವರು ಇಪ್ಪತ್ತು, ಅವರಲ್ಲಿ ಏಳು ಮಂದಿ ರಿಪೇರಿಗೆ ಕರೆದು, ಕೊನೆಗೆ, "ಅದೇನೋ ನಟ್ಟಂತಲ್ಲ, ನೀವೇನಾ?" ಎಂದೂ ಕೇಳಿದ್ದರು. ಎಲ್ಲರಿಗೂ ವಿವರಿಸಿ ಸೋತು ಅವನು ಒಂದು ಸಿದ್ಧ ಉತ್ತರ ಮಾಡಿಕೊಂಡಿದ್ದ. "ನಟ್ಟು ಮುಳುಗಿದೆ" ಎಂದು ಯಾರು ಹೇಳಿದರೂ, "ಏನೂ ಆಗಲ್ಲ, ಹೆದರಬೇಡಿ, ಚೆನ್ನಾಗಿ ನೀರು ಕುಡೀರಿ" ಎಂದು ಇಟ್ಟುಬಿಡುತ್ತಿದ್ದ.

ಕೇಂದ್ರಕ್ಕೆ ದಿನಕ್ಕೆ ನೂರ ನಲವತ್ತು ಜನ ಬರುತ್ತಿದ್ದವರು ಇಪ್ಪತ್ತಾರಕ್ಕೆ ಇಳಿದರು. ನರ್ಸಮ್ಮ ಒಂದು ದಿನ ಬಾಯಿಬಿಟ್ಟು ಕೇಳಿದಳು. "ತಣ್ಣಣ್ಣ, ಆ ಲೋಟ ತೆಗೆದುಬಿಡೋಣ್ವಾ?"

"ತೆಗೆದ್ರೆ ರಾತ್ರಿ ಕರೆಂಟು ಹೋಗಿ ಬಂದ್ರೆ ನಿಮಗೆ ಹೇಗೆ ಗೊತ್ತಾಗುತ್ತೆ?"

ಅವಳು ಸ್ವಲ್ಪ ಹೊತ್ತು ಫ್ರಿಜ್ಜಿನ ಬಾಗಿಲು ನೋಡಿದಳು. "ಗೊತ್ತಾಗಲ್ಲ. ಇರಲಿ ಬಿಡಿ."

ಶನಿವಾರ ಚಿಕ್ಕಪ್ಪ ಸ್ವತಃ ಕೇಂದ್ರಕ್ಕೆ ಹೋದರು. ಫೋನು ಎತ್ತಿ ಹಿಡಿದು ಕಟ್ಟಡದ ಮುಂದೆ ನಿಂತು ನೇರಪ್ರಸಾರ ಶುರುಮಾಡಿದರು. "ನೋಡಿ, ಇದೇ ಆ ಜಾಗ. ಹೊರಗಿಂದ ನೋಡಿದ್ರೆ ಏನೂ ಗೊತ್ತಾಗಲ್ಲ. ಅದೇ ಅನುಮಾನ." ನಾಲ್ಕನೆಯ ನಿಮಿಷಕ್ಕೆ ಪರದೆ ಕಪ್ಪಾಯಿತು. ಅರ್ಧ ಗಂಟೆ ಬಿಟ್ಟು ಪ್ರಸಾರ ಮತ್ತೆ ಬಂತು. "ನಮ್ಮ ಬಾಯಿ ಮುಚ್ಚಿಸೋ ಪ್ರಯತ್ನ ನಡೀತು" ಎಂದರು ಚಿಕ್ಕಪ್ಪ.

ಆ ರಾತ್ರಿ ಊಟದ ಹೊತ್ತಿಗೆ ತಣ್ಣಣ್ಣ ತಟ್ಟೆ ಬದಿಗೆ ಸರಿಸಿದ. ಅವನು ಹಾಗೆ ಮಾಡಿದ್ದನ್ನು ಅಕ್ಕ ಹಿಂದೆಂದೂ ನೋಡಿರಲಿಲ್ಲ.

"ಅಕ್ಕಾ, ನನ್ನ ಮಾತು ನಂಬಲ್ವಾ ನೀನು?"

"ನಿನ್ನ ನಂಬ್ತೀನೋ. ಅವರನ್ನ ನಂಬಲ್ಲ." ಉಸಿರು ಎಳೆದುಕೊಂಡು ಮುಂದುವರಿಸಿದಳು. "ದಿನಕ್ಕೆ ಆರುನೂರು ಅಂಗಿ ನೋಡಿದ್ದೀನಿ. ಒಳ್ಳೇ ದಾರ, ಒಳ್ಳೇ ಮಿಷಿನ್ನು, ಒಳ್ಳೇ ಕೈ. ಆದ್ರೂ ಇಪ್ಪತ್ತು ಕೆಟ್ಟದ್ದು ಬಂದೇ ಬರೋದು. ಕೆಟ್ಟದ್ದೇ ಇಲ್ಲ ಅಂತ ಹೇಳೋ ಸೂಪರ್‌ವೈಸರ್‌ಗಳನ್ನೂ ನೋಡಿದ್ದೀನಿ. ಅವರು ಬುಟ್ಟಿನೇ ಬಚ್ಚಿಡ್ತಿದ್ರು. ಈ ಲಸಿಕೆಯವರು ಇಷ್ಟು ದಿನದಲ್ಲಿ ಒಂದು ಸಲ, ಇದು ಕೆಟ್ಟಿದೆ, ಬೇಡ ಅಂತ ಹೇಳಿದ್ದು ಕೇಳಿದ್ದೀಯಾ? ಎಲ್ಲಾ ಚೆನ್ನಾಗಿದೆಯಂತೆ. ಎಲ್ಲಾ!"

ಅದು ಚಿಕ್ಕಪ್ಪನ ಮಾತುಗಳಂಥ ಮಾತಲ್ಲ ಎಂಬುದು ತಣ್ಣಣ್ಣನಿಗೆ ಹೊಳೆಯಿತು.

ಸೋಮವಾರ ಬೆಳಿಗ್ಗೆ ಅವನು ಕೆಲಸಕ್ಕೆ ಹೋದ ಮೇಲೆ ಅಕ್ಕ ಚಪ್ಪಲಿ ಮೆಟ್ಟಿ, ಮೂಗು ಬಾಯಿ ಮುಚ್ಚುವ ಬಟ್ಟೆ ಕಟ್ಟಿ, ನಡುವೆ ಎರಡು ಕಡೆ ನಿಂತು ಉಸಿರು ತೆಗೆದುಕೊಂಡು, ಆರೋಗ್ಯ ಕೇಂದ್ರ ತಲುಪಿದಳು. ಚುಚ್ಚಿಸಿಕೊಳ್ಳಲು ಅಲ್ಲ. ಬಾಗಿಲಲ್ಲೇ ನಿಂತು, "ನನ್ನ ತಮ್ಮನ ಫೋನ್ ನಂಬರ್ ಕದ್ದವರು ಯಾರು ಇಲ್ಲಿ?" ಎಂದು ಕೇಳಿದಳು.

ಸಾಲಿನಲ್ಲಿ ಕೂತಿದ್ದ ಮೂವತ್ತು ಜನ ತಿರುಗಿ ನೋಡಿದರು. ಅವರಲ್ಲಿ ಐದಾರು ಜನರ ಕತ್ತಿನಲ್ಲಿ ನಟ್ಟಿತ್ತು.

ನರ್ಸಮ್ಮ ಹೊರಗೆ ಬಂದಳು. "ಯಾರಮ್ಮಾ ನಿಮ್ಮ ತಮ್ಮ?"

"ಫ್ರಿಜ್ ರಿಪೇರಿಯವನು."

"ಓ, ತಣ್ಣಣ್ಣನ ಅಕ್ಕನಾ? ಬನ್ನಿ ಬನ್ನಿ. ಯಾರೂ ಕದ್ದಿಲ್ಲಮ್ಮ, ಅವರೇ ಬರೆದಿಟ್ಟಿದ್ದಾರೆ. ಬನ್ನಿ, ತೋರಿಸ್ತೀನಿ."

ಅವಳು ಅಕ್ಕನನ್ನು ಒಳಗಿನ ಚಿಕ್ಕ ಕೋಣೆಗೆ ಕರೆದೊಯ್ದು ಫ್ರಿಜ್ಜಿನ ಬೀಗ ತೆಗೆದಳು. ಕೆಳಗಿನ ಬಾಗಿಲಿನೊಳಗೆ ತೂಗುಹಾಕಿದ್ದ ಥರ್ಮಾಮೀಟರ್ ನೋಡಿ, ನಾಲ್ಕು ಡಿಗ್ರಿ ಎಂದು ಪಟ್ಟಿಯಲ್ಲಿ ಬರೆದಳು. ಮೇಲಿನ ಬಾಗಿಲು ತೆರೆದು ಲೋಟ ಹೊರಗೆ ತೆಗೆದಳು. ಹಾಗೇ ನಿಂತಳು.

ಐಸಿನ ಮೇಲೆ ಏನೂ ಇರಲಿಲ್ಲ. ಅಕ್ಕ ಲೋಟವನ್ನು ಅವಳ ಕೈಯಿಂದ ತೆಗೆದುಕೊಂಡು ಕಿಟಕಿಯ ಬೆಳಕಿಗೆ, ಕಾಲರಿನ ಹೊಲಿಗೆ ನೋಡುವಂತೆ, ಹಿಡಿದಳು. ಮಸುಕಾದ ಐಸಿನ ಅಡಿಯಲ್ಲಿ, ತಳಕ್ಕೆ ಅಂಟಿಕೊಂಡು, ನಟ್ಟಿತ್ತು.

"ಈಗ ತಣ್ಣಗೇ ಇದೆಯಲ್ಲ," ಎಂದಳು ಅಕ್ಕ. "ನಾಲ್ಕು ಡಿಗ್ರಿ ಅಂತ ನೀವೇ ಬರೆದ್ರಿ."

"ಈಗ ಇದೆಯಮ್ಮ. ನಡುವೆ ಯಾವಾಗಲೋ ಇರಲಿಲ್ಲ."

"ಇದನ್ನೇ ಹಾಕಿದ್ರೆ ಯಾರಿಗಾದ್ರೂ ಗೊತ್ತಾಗುತ್ತಾ?"

"ಯಾರಿಗೂ ಗೊತ್ತಾಗಲ್ಲ." ನರ್ಸಮ್ಮ ಪೆಟ್ಟಿಗೆಗಳನ್ನು ಒಂದೊಂದಾಗಿ ಹೊರಗೆ ತೆಗೆದು, ಪ್ರತಿಯೊಂದರ ಮೇಲೂ ಕೆಂಪು ಪೆನ್ನಿನಲ್ಲಿ 'ಬಳಸಬೇಡಿ' ಎಂದು ಬರೆಯತೊಡಗಿದ್ದಳು. ಬರೆಯುತ್ತಲೇ, "ನನಗೆ ಗೊತ್ತಾಯ್ತಲ್ಲ" ಎಂದಳು.

ಆಮೇಲೆ ಅವಳು ಹೊರಗೆ ಹೋಗಿ ಸಾಲಿನಲ್ಲಿದ್ದವರಿಗೆ ಇದ್ದದ್ದನ್ನು ಇದ್ದಂತೆ ಹೇಳಿದಳು: ಫ್ರಿಜ್ಜು ನಿಂತಿತ್ತು, ಇವತ್ತು ಯಾರಿಗೂ ಇಲ್ಲ, ಹೊಸದು ತರಿಸಿ ಬುಧವಾರ ಹಾಕುತ್ತೇವೆ. ಒಬ್ಬ ಕೂಗಾಡಿದ. ಇನ್ನೊಬ್ಬ, "ನಾವು ಹೇಳಿರಲಿಲ್ವಾ!" ಎಂದು ಕತ್ತಿನ ನಟ್ಟು ಮುಟ್ಟಿಕೊಂಡ. ನರ್ಸಮ್ಮ ಬೈಸಿಕೊಂಡು ನಿಂತಿದ್ದಳು. ಎಲ್ಲ ಹೋದ ಮೇಲೆ ಮೇಲಿನ ಕಚೇರಿಗೆ ಫೋನು ಮಾಡಿ ವರದಿ ಒಪ್ಪಿಸಿ, ಕೇಂದ್ರದ ಫೋನಿನಿಂದಲೇ ಚೀಟಿಯ ಮೇಲಿದ್ದ ನಂಬರು ಒತ್ತಿದಳು.

"ಹಲೋ, ನಟ್ಟು ಮುಳುಗಿದೆ—"

"ಏನೂ ಆಗಲ್ಲ, ಹೆದರಬೇಡಿ, ಚೆನ್ನಾಗಿ ನೀರು ಕುಡೀರಿ," ಎಂದು ತಣ್ಣಣ್ಣನ ದನಿ ಹೇಳಿ, ಇಟ್ಟುಬಿಟ್ಟಿತು.

ಇಪ್ಪತ್ತನಾಲ್ಕು ವರ್ಷದಲ್ಲಿ ನಾಲ್ಕನೆಯ ನಿಜವಾದ ಫೋನು ಅದು. ನರ್ಸಮ್ಮ ರಿಸೀವರನ್ನು ನೋಡುತ್ತ ನಿಂತಳು. "ಇರಿ, ನಾನು ಮಾಡ್ತೀನಿ," ಎಂದು ಅಕ್ಕ ತನ್ನ ಫೋನು ತೆಗೆದಳು.

"ಲೋ, ನಟ್ಟು ಮುಳುಗಿದೆ ಕಣೋ."

"ಅಕ್ಕಾ!" ಅವನ ದನಿ ಒಡೆಯಿತು. "ನೀನೂನಾ?"

"ನಿನ್ನ ನಟ್ಟು ಕಣೋ! ನನ್ನ ಕೈಯಲ್ಲಿದೆ!"

"ಅಕ್ಕಾ, ಕೂತ್ಕೋ. ಎಲ್ಲಿದ್ದೀಯ? ಜ್ವರ ಇದೆಯಾ? ಕೈಯಲ್ಲಿ ಏನೂ ಇರಲ್ಲ, ನಾನು ಬರ್ತೀನಿ—"

"ಏಯ್ ಮಂಕೇ, ಲೋಟದ ತಳದಲ್ಲಿದೆ! ಮೇಲೆಲ್ಲಾ ಐಸು ಗಟ್ಟಿಯಾಗಿದೆ!"

ಆ ಕಡೆ ಸ್ಪ್ಯಾನರು ಕೆಳಗಿಟ್ಟ ಸದ್ದಾಯಿತು. ನಟ್ಟಿನ ಬಗ್ಗೆ ಜನ ಏನೇನೋ ಹೇಳಿದ್ದರು. ತಳದಲ್ಲಿ ನಟ್ಟು, ಮೇಲೆ ಗಟ್ಟಿ ಐಸು ಎಂದು ಕಣ್ಣಾರೆ ಕಾಣದೆ ಯಾರೂ ಹೇಳಲಾರರು.

"ನರ್ಸಮ್ಮಂಗೆ ಹೇಳು, ಒಂದೂ ಹಾಕೋದು ಬೇಡ," ಎಂದ.

"ಅವರು ಆಗಲೇ ಎಲ್ಲಾ ತೆಗೆದಿಟ್ಟಾಯ್ತು."

ಹದಿನಾಲ್ಕು ನಿಮಿಷದಲ್ಲಿ ಅವನು ಬಂದ. ಫ್ರಿಜ್ಜು ಚೆನ್ನಾಗಿ ಓಡುತ್ತಿತ್ತು. ಕಸ ಗುಡಿಸುವ ಆಯಾಳನ್ನು ಕೇಳಿದಾಗ ವಿಷಯ ಹೊರಬಿತ್ತು. "ನಿನ್ನೆ ಭಾನುವಾರ ರಜ ಅಲ್ವಾ, ಸಂಜೆ ಐದಕ್ಕೆ ಗುಡಿಸೋಕೆ ಬಂದೆ. ಇದರ ಪ್ಲಗ್ಗು ಹೊರಗಡೆ ಬಿದ್ದಿತ್ತು, ಆ ಜಾಗದಲ್ಲಿ ಯಾರ್ದೋ ಚಾರ್ಜರ್ ಇತ್ತು. ಅದನ್ನ ಕಿತ್ತು ಇದನ್ನ ಹಾಕ್ದೆ. ಓಡ್ತಲ್ಲ, ಹೇಳೋದೇನು ಅಂತ ಸುಮ್ಮನಾದೆ." ಮೇಜಿನ ಖಾನೆಯಿಂದ ಚಾರ್ಜರ್ ತೆಗೆದು ಕೊಟ್ಟಳು. ಅದರ ಮೇಲೆ ರೈಲಿನ ಚಿತ್ರದ ಸ್ಟಿಕ್ಕರ್ ಅಂಟಿಸಿತ್ತು.

ಅಕ್ಕ ಅದನ್ನು ನೋಡಿದ ತಕ್ಷಣ ಚಿಕ್ಕಪ್ಪನಿಗೆ ಫೋನು ಮಾಡಿದಳು.

"ಚಿಕ್ಕಪ್ಪ, ಶನಿವಾರ ನಿಮ್ಮ ಫೋನ್ ಎಲ್ಲಿ ಚಾರ್ಜಿಗೆ ಹಾಕಿದ್ರಿ?"

"ಅಲ್ಲೇ ಒಳಗೆ ಒಂದು ಪ್ಲಗ್ ಇತ್ತಮ್ಮ. ಏನೋ ಹಳೇ ಡಬ್ಬಕ್ಕೆ ಹಾಕಿದ್ರು, ತೆಗೆದು ಹಾಕ್ಕೊಂಡೆ. ಯಾಕೆ?"

"ಆ ಹಳೇ ಡಬ್ಬ ಲಸಿಕೆ ಫ್ರಿಜ್ಜು."

ಚಿಕ್ಕಪ್ಪ ತುಸು ಹೊತ್ತು ಸುಮ್ಮನಿದ್ದರು. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವರು ಮೊದಲು ಹೀಗೇ ಸುಮ್ಮನಾಗುವುದನ್ನು ಅವರೇ ಎಷ್ಟೋ ಸಲ ಕಂಡಿದ್ದರು. ಸಂಜೆ ಮನೆಯವರ ಗುಂಪಿಗೆ ಸಂದೇಶ ಬಂತು: "ನಾನು ಜೀವ ಪಣಕ್ಕಿಟ್ಟು ಪ್ಲಗ್ ತೆಗೆದ ಕಾರಣ ಕೆಟ್ಟ ಲಸಿಕೆ ಪತ್ತೆಯಾಯಿತು. ಸತ್ಯಕ್ಕೆ ಜಯ." ಅದಕ್ಕೆ ಹದಿನೇಳು ಜನ ಕೈಮುಗಿದರು.

ತಣ್ಣಣ್ಣ ಪ್ಲಗ್ಗು ಸಾಕೆಟ್ಟು ಎರಡನ್ನೂ ಮುಚ್ಚಿ ಬೀಗ ಹಾಕುವ ಒಂದು ಡಬ್ಬ ಮಾಡಿ ಗೋಡೆಗೆ ಕೂರಿಸಿದ. ಮನೆಗೆ ಬರುವಾಗ ಅಕ್ಕ ಮಾತಾಡಲಿಲ್ಲ. ಅವನೂ ಕೇಳಲಿಲ್ಲ. ಕೇಳಿದರೆ ಏನಾದರೂ ತಿದ್ದಿಬಿಡುತ್ತೇನೆ ಎಂಬ ಹೆದರಿಕೆ ಅವನಿಗೆ. ಮಂಗಳವಾರ ಸಂಜೆ ಅವಳು ಪಾತ್ರೆ ಒರೆಸುತ್ತ ತಾನಾಗಿಯೇ ಬಾಯಿಬಿಟ್ಟಳು.

"ಎಷ್ಟು ಪೆಟ್ಟಿಗೆ ಇದ್ದವು ಅಂತ ಎಣಿಸಿದೆಯಾ ನೀನು?"

"ಒಂಬತ್ತು."

"ಒಂಬತ್ತೂ ಬೇಡ ಅಂದ್ಲಲ್ಲೋ ಆ ಹುಡುಗಿ. ಮೂವತ್ತು ಜನರ ಮುಂದೆ." ಒರೆಸಿದ ತಟ್ಟೆ ಗೂಡಿಗಿಟ್ಟು, "ನಾಳೆ ಎಷ್ಟು ಗಂಟೆಗೆ ತೆಗೀತಾರೆ?" ಎಂದಳು.

"ಒಂಬತ್ತೂವರೆ," ಎಂದ ತಣ್ಣಣ್ಣ. ಹೆಚ್ಚಿಗೆ ಒಂದಕ್ಷರ ಹೇಳಲಿಲ್ಲ.

ಬುಧವಾರ ಅವಳು ಸಾಲಿನಲ್ಲಿ ಮೊದಲನೆಯವಳು. ಹೊಸ ಸೀಸೆಯನ್ನು ಕೇಳಿ ತೆಗೆದುಕೊಂಡು, ತಿರುಗಿಸಿ, ಮುಚ್ಚಳದ ಅಂಚು ನೋಡಿ, ತಾರೀಖು ಎರಡು ಸಲ ಓದಿ ಹಿಂದಿರುಗಿಸಿದಳು. "ಸರಿ ಇದೆ, ಹಾಕಮ್ಮ." ಸೂಜಿ ಒಳಗಿಳಿಯುವಾಗ ತಣ್ಣಣ್ಣ ಗೋಡೆ ನೋಡುತ್ತಿದ್ದ.

ಅರ್ಧ ಗಂಟೆ ಬೆಂಚಿನ ಮೇಲೆ ಕೂರಬೇಕಿತ್ತು. ಅಕ್ಕ ತೋಳು ಒತ್ತಿಕೊಂಡು ಕೂತಿದ್ದಾಗ ಅವನ ಫೋನು ಬಡಿದುಕೊಂಡಿತು. ಅವನು ನಿಟ್ಟುಸಿರು ಬಿಟ್ಟು ಎತ್ತಿದ. ಸಿದ್ಧ ಉತ್ತರ ಇನ್ನೂ ಬಾಯಿಗೆ ಬಂದಿರಲಿಲ್ಲ, ಅಷ್ಟರಲ್ಲಿ ಅಕ್ಕ ಫೋನು ಕಸಿದುಕೊಂಡಳು.

"ಹಲೋ. ಹೌದು, ನಟ್ಟಿನವರೇ. ನಾನು ಅವನ ಅಕ್ಕ. ಎಷ್ಟು ವಯಸ್ಸು ನಿಮಗೆ? ... ಉಬ್ಬಸ ಇದೆಯಾ? ನನಗೂ ಇದೆ. ಮೆಟ್ಟಿಲು ಹತ್ತಿದ್ರೆ ಸೀಟಿ ಬರುತ್ತಾ? ... ಹ್ಞೂಂ, ಅದೇ."

ಆ ಕಡೆಯ ಹೆಂಗಸು ಬಹಳ ಹೊತ್ತು ಮಾತಾಡಿದಳು. ಅಕ್ಕ ನಡುವೆ ತಡೆಯಲಿಲ್ಲ. ನಟ್ಟಿನ ಅಳತೆಯನ್ನೂ ಹೇಳಲಿಲ್ಲ.

"ನಾನು ಈಗ ತಾನೇ ಹಾಕಿಸ್ಕೊಂಡೆ, ಹನ್ನೆರಡು ನಿಮಿಷ ಆಯ್ತು," ಎಂದಳು ಕೊನೆಗೆ. "ತೋಳು ನೋಯ್ತಿದೆ. ನೋಯಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಚೆನ್ನಾಗೇ ನೋಯುತ್ತೆ. ... ಇಲ್ಲ, ಒಳಗೆ ಏನೂ ಓಡಾಡ್ತಿಲ್ಲ. ... ನಾಳೆ ಹೋಗ್ತೀರಾ? ಒಬ್ಬರೇನಾ? ಸಾಲಿನಲ್ಲಿ ನಿಂತಾಗ ಭಯ ಆದ್ರೆ ಇದೇ ನಂಬರಿಗೆ ಮಾಡಿ, ಮಾತಾಡ್ತಾ ಇರೋಣ. ಹತ್ತು ಗಂಟೆ ಮೇಲೆ ಮಾಡಿ. ಅದಕ್ಕೆ ಮೊದಲು ನನ್ನ ತಮ್ಮಂಗೆ ಕೆಲಸ ಇರುತ್ತೆ."

"ಅಕ್ಕಾ, ಹತ್ತರ ಮೇಲೂ ಇರುತ್ತೆ," ಎಂದ ತಣ್ಣಣ್ಣ.

"ಸುಮ್ಮನಿರೋ," ಎಂದಳು ಅಕ್ಕ, ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು. "ಅವಳು ಅಳ್ತಿದ್ದಾಳೆ."